ಲೆಂಡ್, ಬಾರೋ ಮತ್ತು ಅತ್ತಿಗೆಯ ತೊಂದೂರು

ಲೆಂಡ್ ಮತ್ತು ಬಾರೋ ಎಂಬ ಎರಡು ಇಂಗ್ಲಿಷ್ ಶಬ್ದಗಳ ವ್ಯತ್ಯಾಸವನ್ನು ನನ್ನಷ್ಟು ಸ್ಪಷ್ಟವಾಗಿ ಕಲಿಸಬಲ್ಲವರು ಕಡಬ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ ಎಂಬುದು ಮೊನ್ನೆ ಮೊನ್ನೆಯವರೆಗೂ ನನ್ನ ದೃಢವಾದ ನಂಬಿಕೆಯಾಗಿತ್ತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಲಿಲ್ಲ. ಕೋಡಿಂಬಾಳದ ನಮ್ಮ ಮನೆಯ ಜಗಲಿಯಲ್ಲಿ ಶನಿವಾರ ಮಧ್ಯಾಹ್ನ ನೆರೆಕರೆಯ ಹೆಂಗಸರಿಗೆ ಇಂಗ್ಲಿಷ್ ಕಲಿಸಲು ಶುರು ಮಾಡಿದೆ. ಫೀಸು ಇಲ್ಲ, ಪರೀಕ್ಷೆ ಇಲ್ಲ, ಚಾ ಉಂಟು. ಹಾಗಾಗಿ ಹಾಜರಾತಿ ಚೆನ್ನಾಗಿಯೇ ಇತ್ತು.

ನನ್ನ ವಿದ್ಯಾರ್ಥಿನಿಯರಲ್ಲಿ ಇಬ್ಬರ ಹೆಸರನ್ನು ಹೇಳಲೇಬೇಕು. ಒಬ್ಬರು ಅಲಿಯಮ್ಮ. ಅವರ ಮಾವನ ಕಾಲದಲ್ಲಿ ಕೇರಳದಿಂದ ಬಂದು ರಬ್ಬರ್ ತೋಟ ಮಾಡಿದ ಕುಟುಂಬ, ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಮೊಮ್ಮಗಳ ಶಾಲೆಯ ಮೀಟಿಂಗಿನಲ್ಲಿ ಒಂದು ಸಲವಾದರೂ ಬಾಯಿ ಬಿಡಬೇಕು ಎಂಬುದು ಅವರ ಆಸೆ. ಇನ್ನೊಬ್ಬಳು ಕುಸುಮ. ಸುಳ್ಯ ಕಡೆಯ ಹುಡುಗಿ, ಮದುವೆಯಾಗಿ ಇಲ್ಲಿಗೆ ಬಂದು ಕಡಬ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ.

ಆ ಶನಿವಾರ ಪಾಠ ಹೀಗೆ ನಡೆಯಿತು. "ನೋಡಿ, ಕೊಡುವವರ ಜಗಲಿಯಲ್ಲಿ ನಿಂತು ನೋಡಿದರೆ ಅದು ಲೆಂಡ್. ತೆಗೆದುಕೊಳ್ಳುವವರ ಜಗಲಿಯಲ್ಲಿ ನಿಂತು ನೋಡಿದರೆ ಅದೇ ಬಾರೋ. ವಸ್ತು ಒಂದೇ, ದಾರಿಯೂ ಒಂದೇ, ನಿಂತ ಜಾಗ ಮಾತ್ರ ಬೇರೆ. ಲೆಂಡ್ ಆದ ಮೇಲೆ ಯಾರಿಗೆ ಅಂತ ಹೇಳಬೇಕು. ಲೆಂಡ್ ಮಿ ಯುವರ್ ಅಂಬ್ರೆಲಾ. ಬಾರೋ ಆದರೆ ಯಾರಿಂದ ಅಂತ ಬರಬೇಕು, ಅದಕ್ಕೆ ಫ್ರಮ್ ಬೇಕು. ಐ ಬಾರೋಡ್ ಆನ್ ಅಂಬ್ರೆಲಾ ಫ್ರಮ್ ಕುಸುಮ. ಬಾರೋ ಮಿ ಯುವರ್ ಅಂಬ್ರೆಲಾ ಅಂತ ಹೇಳಿದರೆ ತಪ್ಪು."

"ಎಂತ ಟೀಚರೇ, ಬಾರೋ ಬಾರೋ ಅಂದ್ರೆ ಗಂಡನನ್ನು ಏಕವಚನದಲ್ಲಿ ಕರೆದ ಹಾಗೆ ಆಗ್ತದಲ್ಲ" ಎಂದಳು ಕುಸುಮ. ಎಲ್ಲರೂ ನಕ್ಕರು. ಒಳಗಿನಿಂದ ನನ್ನ ಗಂಡ, "ಕರೆದದ್ದಾ?" ಎಂದು ಕೇಳಿದರು.

ಅಲಿಯಮ್ಮ ಮಾತ್ರ ಗಂಭೀರವಾಗಿ ಯೋಚಿಸುತ್ತಿದ್ದರು. "ನಮ್ಮಲ್ಲಿ ಇಷ್ಟೆಲ್ಲ ಇಲ್ಲ ಟೀಚರೇ. 'ಒಮ್ಮೆ ಕೊಡಿ, ನಾಳೆ ತಂದು ಕೊಡ್ತೇನೆ' ಅಂತ ಹೇಳಿದ್ರೆ ಮುಗೀತು. ಅದರಲ್ಲಿ ಎರಡೂ ಉಂಟು" ಎಂದರು. ಮಾತು ನಿಜ. ಆ ನಾಳೆ ಯಾವ ಕಾಲ, ಭವಿಷ್ಯತ್ತೋ ಅನಿಶ್ಚಿತವೋ ಎಂದು ಯಾವ ವ್ಯಾಕರಣವೂ ಹೇಳುವುದಿಲ್ಲ ಅಷ್ಟೆ.

ಬೋರ್ಡಿನ ಮೇಲೆ ಬರೆದು ಕಲಿಸಿದ ಭಾಷೆ ನಾಲಿಗೆಗೆ ಇಳಿಯುವುದಿಲ್ಲ ಎಂಬುದು ನನ್ನ ಶೈಕ್ಷಣಿಕ ಸಿದ್ಧಾಂತ. ಇಲ್ಲಿ ನನ್ನ ಬುದ್ಧಿ ಅನಗತ್ಯವಾಗಿ ಚುರುಕಾಯಿತು. "ಈ ವಾರ ಪ್ರಾಕ್ಟಿಕಲ್" ಎಂದು ಘೋಷಿಸಿದೆ. ಪ್ರತಿಯೊಬ್ಬರೂ ಮನೆಯಿಂದ ಒಂದು ವಸ್ತು ತಂದು ಒಬ್ಬರಿಗೆ ಕೊಡಬೇಕು, ಇನ್ನೊಬ್ಬರಿಂದ ಒಂದು ವಸ್ತು ತೆಗೆದುಕೊಳ್ಳಬೇಕು. ಕೊಡುವಾಗ ಲೆಂಡಿನ ವಾಕ್ಯ, ತೆಗೆದುಕೊಳ್ಳುವಾಗ ಬಾರೋವಿನ ವಾಕ್ಯ. ಮುಂದಿನ ಶನಿವಾರ ಎಲ್ಲವನ್ನೂ ಹಿಂದೆ ಕೊಡಬೇಕು.

ಕುಸುಮ ಓಡಿಹೋಗಿ ಶ್ಯಾವಿಗೆ ಒತ್ತುವ ಮಣೆ ತಂದು ನನಗೆ ಕೊಟ್ಟಳು. ಅಲಿಯಮ್ಮ ಪುಟ್ಟು ಬೇಯಿಸುವ ಕೊಳವೆ ತಂದು ಕುಸುಮನಿಗೆ ಕೊಟ್ಟರು. ಅಲಿಯಮ್ಮನಿಗೆ ನಾನು ಕೊಡಬೇಕು. ಏನು ಕೊಡುವುದು ಎಂದು ಅಡುಗೆಮನೆಗೆ ಹೋದೆ. ಎದುರಿಗೇ ಕುಳಿತಿತ್ತು ತೊಂದೂರು.

ತೊಂದೂರು ಎಂದರೆ ಹಲಸಿನ ಎಲೆಯಲ್ಲಿ ಹಿಟ್ಟು ಹಾಕಿ ಕಡುಬು ಬೇಯಿಸುವ ತಾಮ್ರದ ಹಬೆಪಾತ್ರೆ. ಇದು ಸಾಮಾನ್ಯ ತೊಂದೂರಲ್ಲ. ಒಂದು ಸಣ್ಣ ಮಗುವನ್ನು ಒಳಗೆ ಕೂರಿಸಿ ಮೀಯಿಸಬಹುದು, ಅಷ್ಟು ದೊಡ್ಡದು. ಇದು ನಮ್ಮದೂ ಅಲ್ಲ. ಪುತ್ತೂರಿನಲ್ಲಿರುವ ನನ್ನ ಗಂಡನ ಅಕ್ಕ, ಅಂದರೆ ನನ್ನ ಅತ್ತಿಗೆಯದು. ನಮ್ಮ ಹೊಸ ಬಾವಿಯ ಪೂಜೆಗೆಂದು ತಂದದ್ದು.

ಈ ಅತ್ತಿಗೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ನನ್ನ ಕಷ್ಟ ನಿಮಗೆ ಅರ್ಥವಾಗುವುದಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ಅವರು ನನ್ನನ್ನು ನಂಬಿ ಒಂದು ಸೌಟನ್ನೂ ಕೊಟ್ಟವರಲ್ಲ. ಜಗಳವೇನೂ ಇಲ್ಲ. "ಶಾಲೆಗೆ ಹೋಗುವವಳು, ಪಾತ್ರೆ ಪಗಡೆ ಅವಳಿಗೆ ಎಂತ ಗೊತ್ತು" ಎಂಬ ಒಂದು ವಾಕ್ಯವನ್ನು ಅವರು ಎಲ್ಲ ಸಮಾರಂಭಗಳಲ್ಲೂ ನಗುನಗುತ್ತಾ ಹೇಳುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ಉರಿಯುತ್ತಿತ್ತು. ಹಾಗಿದ್ದವರು ಬಾವಿ ಪೂಜೆಗೆ ಮುಂಚೆ ತೊಂದೂರನ್ನು ತಾವೇ ಎತ್ತಿ ನನ್ನ ಕೈಗೆ ಕೊಟ್ಟು, "ಕೊಂಡೋಗು. ನಿನ್ನ ಮೇಲೆ ನನಗೆ ನಂಬಿಕೆ ಉಂಟು" ಎಂದರು. ನಿವೃತ್ತಿಯ ದಿನ ಶಾಲು ಹೊದೆಸಿದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಅಂಥ ತೊಂದೂರನ್ನು ನಾನು ಎತ್ತಿಕೊಂಡು ಜಗಲಿಗೆ ಬಂದೆ. ಏಕೆಂದರೆ ಅದಕ್ಕಿಂತ ಒಳ್ಳೆಯ ಉದಾಹರಣೆ ಭೂಮಿಯ ಮೇಲೆ ಇರಲಿಲ್ಲ. "ಐ ಬಾರೋಡ್ ದಿಸ್ ಫ್ರಮ್ ಮೈ ಸಿಸ್ಟರ್ ಇನ್ ಲಾ. ನೌ ಐ ಲೆಂಡ್ ಇಟ್ ಟು ಅಲಿಯಮ್ಮ." ಒಂದೇ ಪಾತ್ರೆಯಲ್ಲಿ ಎರಡೂ ಕ್ರಿಯಾಪದ! ನನ್ನ ಪಾಠಕ್ಕೆ ನಾನೇ ಮರುಳಾದೆ.

"ಅದು ಅಕ್ಕನ ತೊಂದೂರು ಮಾರಾಯ್ತಿ" ಎಂದರು ನನ್ನ ಗಂಡ ಬಾಗಿಲಲ್ಲಿ ನಿಂತು.

"ಒಂದು ವಾರಕ್ಕೆ ಮಾತ್ರ" ಎಂದೆ.

"ಪಾತ್ರೆಗೆ ವಾರ ಗೊತ್ತುಂಟಾ?" ಎಂದು ಕೇಳಿ ಅವರು ಒಳಗೆ ಹೋದರು. ಅವರ ಪ್ರಶ್ನೆಗಳಿಗೆ ಉತ್ತರಿಸುವ ಅಭ್ಯಾಸ ನನಗಿಲ್ಲ.

ಮುಂದಿನ ಶನಿವಾರ ಬಂತು. ಕುಸುಮ ಅಲಿಯಮ್ಮನ ಪುಟ್ಟು ಕೊಳವೆಯನ್ನು ಹಿಂದೆ ಕೊಟ್ಟಳು. ಅದರೊಳಗೆ ಬೆಲ್ಲದ ಉಂಡೆ ತುಂಬಿಸಿದ್ದಳು. ನಮ್ಮ ಕಡೆ ಯಾರೂ ಪಾತ್ರೆಯನ್ನು ಖಾಲಿ ಹಿಂದೆ ಕೊಡುವುದಿಲ್ಲ. ಎರಡು ಬದನೆಯೋ, ಒಂದು ತುಂಡು ಹಲ್ವವೋ, ಏನೂ ಇಲ್ಲದಿದ್ದರೆ ನಾಲ್ಕು ಮಲ್ಲಿಗೆಯೋ ಒಳಗೆ ಇರಲೇಬೇಕು. ಖಾಲಿ ಕೊಟ್ಟರೆ ಮನೆಯ ಮರ್ಯಾದೆ ಹೋಯಿತು. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ನಾನೂ ಶ್ಯಾವಿಗೆ ಮಣೆಯ ಜೊತೆಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ಬಾಳೆಹಣ್ಣಿನ ಪಾಯಸ ಹಾಕಿ ಕೊಟ್ಟೆ. ಪಾಠ ಯೋಜನೆ ಮಾಡುವಾಗ ಮಾತ್ರ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಪರಿಣಾಮ ಸೋಮವಾರದಿಂದ ಕಾಣಿಸಿತು. ನನ್ನ ಸ್ಟೀಲ್ ಡಬ್ಬಿಯಲ್ಲಿ ಕುಸುಮ ಮಾವಿನ ಮಿಡಿ ಹಾಕಿ ಕಳಿಸಿದಳು. ಡಬ್ಬಿಯ ಜೊತೆಗೆ ಒಂದು ಚೀಲದಲ್ಲಿ ಸೌತೆಕಾಯಿ. ಚೀಲ ಖಾಲಿ ಕೊಡಲಾದೀತೇ? ಅದರಲ್ಲಿ ನಾನು ಹಲಸಿನ ಹಪ್ಪಳ ಇಟ್ಟೆ. ಹಪ್ಪಳ ಪುಡಿಯಾಗದಿರಲಿ ಎಂದು ಅಡಿಗೆ ಒಂದು ತಟ್ಟೆ ಇಟ್ಟೆ. ತಟ್ಟೆ ಹಿಂದೆ ಬರುವಾಗ ಅದರ ಮೇಲೆ ಒಂದು ಗೊನೆ ಕದಳಿ ಇತ್ತು. ಕ್ಲಾಸಿನ ಎಲ್ಲ ಮನೆಗಳಲ್ಲೂ ಇದೇ ಕಥೆ. ನಮ್ಮ ಅಡುಗೆಮನೆ ಕಡಬದ ಸಂತೆಯ ಹಾಗಾಯಿತು. ನಮ್ಮ ಸ್ವಂತ ಪಾತ್ರೆಗಳು ಮಾತ್ರ ಒಂದೂ ಕಾಣಿಸುತ್ತಿರಲಿಲ್ಲ. ಇಂಗ್ಲಿಷ್ ಎಷ್ಟು ಬಂತೋ ಗೊತ್ತಿಲ್ಲ, ಊರಿಗೆ ಊರೇ ಚೆನ್ನಾಗಿ ಉಂಡಿತು.

ತೊಂದೂರು ಬರಲಿಲ್ಲ.

"ಜಾಗ್ರತೆಯಾಗಿ ಉಂಟು ಟೀಚರೇ" ಎಂದಿದ್ದರು ಅಲಿಯಮ್ಮ. "ಕಪ್ಪ ಕೀಳ್ಲಿಕ್ಕೆ ಇನ್ನು ಸ್ವಲ್ಪ ದಿವಸ ಬೇಕು, ಅದಕ್ಕೆ." ಕಪ್ಪ ಎಂದರೆ ಮರಗೆಣಸು. ಮರಗೆಣಸಿಗೂ ತೊಂದೂರಿಗೂ ಏನು ಸಂಬಂಧ ಎಂದು ನನಗೆ ಹೊಳೆಯಲಿಲ್ಲ. ನನ್ನ ಗಂಡ ಬಿಡಿಸಿ ಹೇಳಿದರು.

"ಎಂತ ಟೀಚರು ನೀನು? ಅಷ್ಟು ದೊಡ್ಡ ಪಾತ್ರೆಯಲ್ಲಿ ಎರಡು ಬಾಳೆಹಣ್ಣು ಹಾಕಿ ಕೊಡ್ಲಿಕ್ಕಾಗ್ತದಾ? ತುಂಬಬೇಕಲ್ಲ. ತುಂಬುವಷ್ಟು ಕಪ್ಪ ಆಗುವವರೆಗೆ ಅವರು ಕೊಡುದಿಲ್ಲ."

ನಾನು ಕುರ್ಚಿಯಲ್ಲಿ ಕುಳಿತೆ. ಅಂದೇ ಅತ್ತಿಗೆಯ ಫೋನ್ ಬಂತು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ಸೋಮವಾರ, ಕಡುಬು ಆಗಬೇಕು, ಭಾನುವಾರ ಮಧ್ಯಾಹ್ನದ ಬಸ್ಸಿಗೆ ತಾವೇ ಬಂದು ತೊಂದೂರು ಕೊಂಡೋಗುವುದಾಗಿ ಹೇಳಿದರು. "ನಿನಗೆ ಕೊಟ್ಟದ್ದು ಒಳ್ಳೆದಾಯ್ತು. ಬೇರೆಯವರಿಗಾದ್ರೆ ನನಗೆ ನಿದ್ರೆ ಬರ್ತಿರ್ಲಿಲ್ಲ" ಎಂದರು. ಅಂದಿನಿಂದ ನನಗೆ ನಿದ್ರೆ ಬರಲಿಲ್ಲ.

ಶುಕ್ರವಾರ ಅಲಿಯಮ್ಮನ ಮನೆಗೆ ಹೋದೆ. ಕೊಟ್ಟ ಪಾತ್ರೆಯನ್ನು ಕೇಳುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಗೊತ್ತು. ನೇರವಾಗಿ ಕೇಳಲಾಗುವುದಿಲ್ಲ. ಕುಳಿತುಕೊಳ್ಳಬೇಕು, ಚಾ ಕುಡಿಯಬೇಕು, ಸೆಕೆಯನ್ನು ಬೈಯಬೇಕು, ರಬ್ಬರಿನ ರೇಟನ್ನು ಬೈಯಬೇಕು, ನಡುವೆ ಎಲ್ಲೋ ಮಾತು ತಾನಾಗಿ ಪಾತ್ರೆಯ ಹತ್ತಿರ ಬರಬೇಕು. ನಾನು ಮೂವತ್ತು ಮಕ್ಕಳಿರುವ ಕ್ಲಾಸನ್ನು ಒಂದು ಗದರಿಕೆಯಲ್ಲಿ ಸುಮ್ಮನಾಗಿಸಿದವಳು. ಅಲಿಯಮ್ಮನ ಸೋಫಾದಲ್ಲಿ ಕುಳಿತು ಸೆಕೆಯನ್ನು ಬೈದೆ, ಮಂಗಗಳನ್ನು ಬೈದೆ, ಗುಂಡ್ಯದಲ್ಲಿ ರಸ್ತೆ ಬ್ಲಾಕ್ ಆಗುವುದನ್ನು ಬೈದೆ. ಪಾತ್ರೆಯ ಮಾತು ಬರಲೇ ಇಲ್ಲ.

ಕೊನೆಗೆ, "ಭಾನುವಾರ ಅತ್ತಿಗೆ ಬರ್ತಾರೆ" ಎಂದೆ.

"ಹೌದಾ, ಒಳ್ಳೇದಾಯ್ತು. ನಮ್ಮಲ್ಲಿಗೂ ಕರ್ಕೊಂಡು ಬನ್ನಿ" ಎಂದರು ಅಲಿಯಮ್ಮ.

"ಅವರಲ್ಲಿ ತೊಟ್ಟಿಲಿಗೆ ಹಾಕುದು. ಕಡುಬು ಆಗ್ಬೇಕಂತೆ."

ಅಲಿಯಮ್ಮನ ಮುಖ ಅರಳಿತು. "ಹಲಸಿನ ಎಲೆ ಬೇಕಲ್ಲ ಹಾಗಾದ್ರೆ! ನಮ್ಮಲ್ಲಿ ಬೇಕಾದಷ್ಟು ಉಂಟು" ಎಂದು ಎದ್ದವರೇ ಹಿತ್ತಿಲಿಗೆ ಹೋಗಿ ಒಂದು ಕಟ್ಟು ಎಲೆ ಕೊಯ್ದು ತಂದು ನನ್ನ ತೋಳಿಗೆ ಹಾಕಿದರು. ಥ್ಯಾಂಕ್ಸ್ ಎಂದೆ. ಬೇರೇನು ಹೇಳಲಿ?

"ಎಲೆ ಆಯ್ತು. ಇನ್ನು ಪಾತ್ರೆ ಮಾತ್ರ ಬಾಕಿ" ಎಂದರು ಮನೆಯಲ್ಲಿ ಅದನ್ನು ನೋಡಿದ ನನ್ನ ಗಂಡ.

ಶನಿವಾರ ಅವರನ್ನೇ ಕಳಿಸಿದೆ. ಗಂಡಸರು ನೇರವಾಗಿ ಮಾತಾಡುತ್ತಾರೆ ಎಂಬ ತಪ್ಪು ಕಲ್ಪನೆ ನನಗೆ ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ಹೇಗೆ ಉಳಿದಿತ್ತೋ. ಅವರು ಬಹಳ ಹೊತ್ತಿನ ಮೇಲೆ ತೇಗುತ್ತಾ ಬಂದರು. ಕೈಯಲ್ಲಿ ತೊಂದೂರು ಇರಲಿಲ್ಲ.

"ಮೀನು ಸಾರು ಒಳ್ಳೇದಿತ್ತು" ಎಂದರು ಮೊದಲು. ಆಮೇಲೆ, "ತೊಂದೂರು ಅಲ್ಲಿ ಇಲ್ಲ" ಎಂದರು.

"ಇಲ್ಲ ಅಂದ್ರೆ?"

"ಕಪ್ಪ ಆಗುವವರೆಗೆ ಅಂತ ಅಲಿಯಮ್ಮ ಅದನ್ನು ಕುಸುಮನಿಗೆ ಲೆಂಡ್ ಮಾಡಿದ್ದಾರೆ. ಕುಸುಮ ಅದನ್ನು ಸುಳ್ಯದ ಹತ್ರ ಅವಳ ಅಮ್ಮನ ಮನೆಗೆ ಕೊಂಡೋಗಿದ್ದಾಳೆ. ಅಲ್ಲಿ ನೆಂಟರು ಬರ್ಲಿಕ್ಕೆ ಉಂಟಂತೆ."

"ಅದು ಹೇಗೆ ಕೊಟ್ಟದ್ದು ಅವರು? ಅದು ಅವರದ್ದಾ?"

"ನಾನೂ ಹಾಗೇ ಕೇಳಿದೆ. ಬಾರೋ ಮಾಡಿದ್ದನ್ನು ಲೆಂಡ್ ಮಾಡ್ಬಹುದು ಅಂತ ಟೀಚರೇ ಮಾಡಿ ತೋರಿಸಿದ್ದಾರಲ್ಲ ಅಂದ್ರು. ವಾಕ್ಯವನ್ನೂ ಹೇಳಿದ್ರು, ನೀನು ಹೇಳಿದ ಹಾಗೇ. ಐ ಬಾರೋಡ್ ದಿಸ್ ಫ್ರಮ್ ಟೀಚರ್, ನೌ ಐ ಲೆಂಡ್ ಇಟ್ ಟು ಕುಸುಮ. ಒಂದು ತಪ್ಪಿಲ್ಲ."

ಇಡೀ ವೃತ್ತಿಜೀವನದಲ್ಲಿ ನಾನು ಕಲಿಸಿದ್ದನ್ನು ಯಾರಾದರೂ ಅಷ್ಟು ಚಾಚೂ ತಪ್ಪದೆ ಅನುಸರಿಸಿದ್ದು ಅದೇ ಮೊದಲು. ನನಗೆ ಅಳು ಬಂತು. ತಮಾಷೆಯಲ್ಲ, ನಿಜವಾಗಿಯೂ ಬಂತು. ಇನ್ನು ಅತ್ತಿಗೆ ಬದುಕಿರುವಷ್ಟು ಕಾಲ ಎಲ್ಲ ಮದುವೆ ಮುಂಜಿಗಳಲ್ಲೂ, "ಒಮ್ಮೆ ನಂಬಿ ಕೊಟ್ಟಿದ್ದೆ" ಎಂದು ಶುರುವಾಗುವ ಕಥೆಯನ್ನು ನಾನು ನಗುನಗುತ್ತಾ ಕೇಳಬೇಕಲ್ಲ.

ಭಾನುವಾರ ಬೆಳಿಗ್ಗೆಯೇ ಸ್ಕೂಟರ್ ಹತ್ತಿದೆವು. ಪಂಜ ದಾಟಿ, ಕುಸುಮ ಫೋನಿನಲ್ಲಿ ಹೇಳಿದ ತಿರುವುಗಳಲ್ಲಿ ಒಂದೆರಡನ್ನು ತಪ್ಪಿ, ಅವಳ ಅಮ್ಮನ ಮನೆ ತಲುಪಿದೆವು. ಅಂಗಳದ ಮೂಲೆಯಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೆ ಅತ್ತಿಗೆಯ ತೊಂದೂರು, ಅದರಿಂದ ಗಂಭೀರವಾಗಿ ಹೊರಡುತ್ತಿರುವ ಹಬೆ. ಕುಸುಮನ ಅಮ್ಮ ಸುಳ್ಯ ಕಡೆಯ ಅರೆಭಾಷೆಯಲ್ಲಿ ಬೇಗ ಬೇಗ ಏನೋ ಹೇಳಿ ನನ್ನ ಕೈ ಹಿಡಿದುಕೊಂಡರು. ಮತ್ತೆ ನನಗಾಗಿ ಕನ್ನಡಕ್ಕೆ ಬಂದರು.

"ನೀವಾ ಇಂಗ್ಲಿಷ್ ಟೀಚರು? ಮಗಳು ನಿಮ್ಮ ವಿಷಯ ಹೇಳಿ ಮುಗಿಯುದಿಲ್ಲ. ಕೂತ್ಕೊಳ್ಳಿ, ಊಟ ಮಾಡಿಯೇ ಹೋಗುದು."

ಒಲೆಯ ಮೇಲಿರುವ ಪಾತ್ರೆಯನ್ನು ಕೇಳುವುದು ಹೇಗೆ? ಕುಳಿತೆ. ಚಾ ಕುಡಿದೆ. ಸೆಕೆಯನ್ನು ಬೈಯಲು ಬಾಯಿ ತೆರೆದೆ. ಆಗ ಪುತ್ತೂರಿನ ಬಸ್ಸು ಹೊರಟಿರಬಹುದು ಎಂದು ನೆನಪಾಯಿತು. ಜೀವನದಲ್ಲಿ ಮೊದಲ ಬಾರಿಗೆ, ಯಾವ ಪೀಠಿಕೆಯೂ ಇಲ್ಲದೆ ಹೇಳಿಬಿಟ್ಟೆ. "ಅಮ್ಮ, ತೊಂದೂರು ನನಗೆ ಈಗಲೇ ಬೇಕು. ಅದು ನನ್ನದಲ್ಲ, ನನ್ನ ಅತ್ತಿಗೆಯದು. ಅವರು ಮಧ್ಯಾಹ್ನಕ್ಕೆ ಬರ್ತಾರೆ."

ನನ್ನ ಗಂಡ ಬೇರೆ ಕಡೆ ನೋಡಿದರು. ಆದರೆ ಆ ಅಮ್ಮ ಕೂಡಲೇ ಎದ್ದರು. ಬೆಂದ ಕಡುಬನ್ನೆಲ್ಲ ತಾವೇ ತೆಗೆದು ಬುಟ್ಟಿಗೆ ಹಾಕಿದರು. ಪಾತ್ರೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ ಬೆಳಗಿಸಿದರು. ಆಮೇಲೆ ಬುಟ್ಟಿಯಿಂದ ಬಿಸಿ ಕಡುಬು ತೆಗೆದು ಒಳಗೆ ಜೋಡಿಸಲು ಹೊರಟರು.

"ಬೇಡ ಅಮ್ಮ, ಸ್ಕೂಟರಿನಲ್ಲಿ ಆಗುದಿಲ್ಲ, ತಡ ಆಗ್ತದೆ" ಎಂದು ಪಾತ್ರೆಯನ್ನು ಹೆಚ್ಚು ಕಡಿಮೆ ಕಿತ್ತುಕೊಂಡೆ. ಅವರ ಮುಖ ಸಣ್ಣದಾಯಿತು. ಅದನ್ನು ನೋಡಿದೆ, ಆದರೆ ಲೆಕ್ಕಿಸಲಿಲ್ಲ. ನನ್ನ ತಲೆಯಲ್ಲಿ ಬಸ್ಸು ಓಡುತ್ತಿತ್ತು.

ಸ್ಕೂಟರಿನಲ್ಲಿ ಮುಂದೆ ಗಂಡ, ಹಿಂದೆ ನಾನು, ನಡುವೆ ತೊಂದೂರು. ದಾರಿಯಲ್ಲಿ ಸಿಕ್ಕಿದ ನನ್ನ ಹಳೆಯ ವಿದ್ಯಾರ್ಥಿಗಳು ನಮಸ್ಕಾರ ಮಾಡಿದರು. ಕೈ ಎತ್ತಲಾಗದೆ ತಲೆಯಾಡಿಸಿದೆ. ಮನೆ ತಲುಪಿದಾಗ ಅತ್ತಿಗೆ ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದರು.

"ತೊಂದೂರನ್ನು ಎಲ್ಲಿಗೆ ಕರ್ಕೊಂಡು ಹೋಗಿದ್ದು?" ಎಂದು ಕೇಳಿದರು.

"ಕಲಾಯಿ ಹಾಕಿಸ್ಲಿಕ್ಕೆ" ಎಂದೆ ನಾನು.

"ಗಾಳಿ ಸವಾರಿಗೆ" ಎಂದರು ನನ್ನ ಗಂಡ, ಅದೇ ಕ್ಷಣದಲ್ಲಿ.

ಅತ್ತಿಗೆ ಇಬ್ಬರ ಮುಖವನ್ನೂ ನೋಡಿದರು. ಪಾತ್ರೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಎಲ್ಲೂ ಜಜ್ಜಿಲ್ಲ, ಕಪ್ಪಾಗಿಲ್ಲ, ಫಳಫಳ ಹೊಳೆಯುತ್ತಿದೆ. "ನನ್ನ ಮನೆಯಲ್ಲಿ ಇಷ್ಟು ಬೆಳಗಿರ್ಲಿಲ್ಲ ಇದು. ಚೆನ್ನಾಗಿ ಇಟ್ಟಿದ್ದಿ" ಎಂದರು. ಊಟ ಮಾಡಿದರು. ಸಂಜೆಯ ಬಸ್ಸಿಗೆ ನಾನೇ ಪಾತ್ರೆಯನ್ನು ಎತ್ತಿ ಅವರ ಸೀಟಿನ ಪಕ್ಕ ಇಟ್ಟೆ. ಬಸ್ಸು ತಿರುವು ದಾಟುವವರೆಗೆ ನಿಂತು ಕೈ ಬೀಸಿದೆ. ಲೆಂಡ್ ಆಯಿತು, ಬಾರೋ ಆಯಿತು, ರಿಟರ್ನ್ ಕೂಡ ಆಯಿತು. ಗೆದ್ದೆ ಎಂದುಕೊಂಡು ಮನೆಗೆ ಬಂದು ಕಾಲು ಚಾಚಿದೆ.

ದೀಪ ಹಚ್ಚುವ ಹೊತ್ತಿಗೆ ಫೋನ್ ಬಂತು.

"ಮನೆ ಮುಟ್ಟಿದೆ" ಎಂದರು ಅತ್ತಿಗೆ. "ಮುಚ್ಚಳ ತೆಗೆದೆ."

"ಹ್ಞಾಂ ಅತ್ತಿಗೆ."

"ಒಳಗೆ ಎಂತದೂ ಇಲ್ಲ."

ನಾನು ಸುತ್ತ ನೋಡಿದೆ. ಅಡುಗೆಮನೆಯಲ್ಲಿ ಕದಳಿ ಗೊನೆ, ಸೌತೆಕಾಯಿ, ಮಾವಿನ ಮಿಡಿ, ಹಪ್ಪಳ, ಯಾರೋ ಕೊಟ್ಟ ಗೆಣಸು, ಯಾರೋ ಕೊಟ್ಟ ಬೆಲ್ಲ. ಕಾಲಿಡಲು ಜಾಗವಿರಲಿಲ್ಲ. ಇಷ್ಟೆಲ್ಲದರ ನಡುವಿನಿಂದ ಅತ್ತಿಗೆಯ ಪಾತ್ರೆಯನ್ನು ಖಾಲಿಯಾಗಿ ಎತ್ತಿಕೊಟ್ಟಿದ್ದೆ. ಇಡೀ ಕ್ಲಾಸಿನಲ್ಲಿ ಪಾತ್ರೆ ಖಾಲಿ ಹಿಂದೆ ಕೊಟ್ಟವಳು ಟೀಚರೊಬ್ಬಳೇ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕೊನೆಗೆ ಎಲ್ಲವನ್ನೂ ಹೇಳಿಬಿಟ್ಟೆ, ಅಲಿಯಮ್ಮ, ಕುಸುಮ, ಸುಳ್ಯ, ಮೂರು ಕಲ್ಲಿನ ಒಲೆ, ಎಲ್ಲವನ್ನೂ.

ಅತ್ತಿಗೆ ಕೊನೆಯವರೆಗೆ ಕೇಳಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಊರು ಸುತ್ತಿ ಬಂದದ್ದಕ್ಕೆ ನನಗೆ ಬೇಜಾರಿಲ್ಲ. ಪಾತ್ರೆ ಇರುದೇ ಅದಕ್ಕೆ" ಎಂದರು. "ಆದ್ರೆ ಖಾಲಿ ಕೊಟ್ಟಿ ನೋಡು. ಈಗ ಹೀಗೆ ಮಾಡುವ. ನಾಳೆ ಕಾರ್ಯ ಕಳೀಲಿ. ನಾಡಿದ್ದು ತೊಂದೂರು ವಾಪಸು ಕಳಿಸ್ತೇನೆ. ಇನ್ನೊಮ್ಮೆ ಸರಿಯಾಗಿ ಹಿಂದೆ ಕೊಡು."

ಎಷ್ಟೋ ಮಕ್ಕಳನ್ನು ಫೇಲು ಮಾಡಿ ಮರುಪರೀಕ್ಷೆಗೆ ಕೂರಿಸಿದವಳು ನಾನು. ಈ ವಯಸ್ಸಿನಲ್ಲಿ ನನಗೇ ಮರುಪರೀಕ್ಷೆ ಬಂತು.

ಹೇಳಿದಂತೆಯೇ ತೊಂದೂರು ಬಸ್ಸಿನಲ್ಲಿ ಬಂತು. ಖಾಲಿಯಾಗಿ ಅಲ್ಲ. ಮುಚ್ಚಳ ಮುಚ್ಚಲಾಗದಷ್ಟು ಕಡುಬು, ಮೇಲೆ ಒಂದು ಡಬ್ಬಿ ತುಪ್ಪ. ಕಂಡಕ್ಟರೂ ಡ್ರೈವರೂ ಸೇರಿ ಇಳಿಸಿಕೊಟ್ಟರು. ಕ್ಲಾಸಿನವರೆಲ್ಲ ಹಂಚಿಕೊಂಡು ತಿಂದರು. ಸುಳ್ಯದ ಆ ಅಮ್ಮನಿಗೂ ಕುಸುಮನ ಕೈಯಲ್ಲಿ ಕಳಿಸಿದೆ, ಜೊತೆಗೆ ಒಂದು ಕ್ಷಮೆಯನ್ನೂ.

ಈಗ ಅದಕ್ಕಿಂತ ಒಳ್ಳೆಯದನ್ನು, ಅದಕ್ಕಿಂತ ಹೆಚ್ಚಾಗಿ ನಾನು ತುಂಬಿಸಿ ಕೊಡಬೇಕು. ಏನೆಂದು ಇನ್ನೂ ಹೊಳೆದಿಲ್ಲ. ಕ್ಲಾಸಿನಲ್ಲಿ ಲೆಂಡ್, ಬಾರೋ ಬಿಟ್ಟು ಪುಶ್, ಪುಲ್ ಶುರು ಮಾಡಿದ್ದೇನೆ. ಅದಕ್ಕೆ ಬಾಗಿಲೊಂದಿದ್ದರೆ ಸಾಕು. ಅತ್ತಿಗೆ ಆಗಾಗ ಫೋನ್ ಮಾಡುತ್ತಾರೆ. ತೊಂದೂರಿನ ಮಾತು ಎತ್ತುವುದಿಲ್ಲ, ಸೆಕೆ ಹೇಗುಂಟು ಎಂದಷ್ಟೇ ವಿಚಾರಿಸುತ್ತಾರಂತೆ. ಫೋನನ್ನು ನನ್ನ ಗಂಡನೇ ಎತ್ತುತ್ತಾರೆ. ಆ ಹೊತ್ತಿಗೆ ಸರಿಯಾಗಿ ನಾನು ಯಾವಾಗಲೂ ಬಚ್ಚಲುಮನೆಯಲ್ಲಿರುತ್ತೇನೆ.